ಜನರೇಟರ್ ಮೇಲಿನ ಲೋಡ್: ಮೂರು ಮಳೆಗಾಲ, ಮೂರು ದಾರಿ

ಶಿವಮೊಗ್ಗದ ಗೋಪಾಳದಲ್ಲಿರುವ ನಮ್ಮ ಕಟ್ಟಡದಲ್ಲಿ 16 ಮನೆಗಳಿಗೆ 25 ಕೆವಿಎ ಜನರೇಟರ್ ಇದೆ. 0.8 ಪವರ್ ಫ್ಯಾಕ್ಟರ್ (ಕೆವಿಎಯಲ್ಲಿ ನಿಜವಾಗಿ ಬಳಕೆಗೆ ಸಿಗುವ ಪಾಲು) ಲೆಕ್ಕದಲ್ಲಿ ಅದು ಕೊಡುವುದು 20 ಕಿಲೋವ್ಯಾಟ್. ಆಷಾಢದ ಗಾಳಿಗೆ ಮರ ಬಿದ್ದು ತಂತಿ ಹರಿದರೆ ದಿನವಿಡೀ ಅದೇ ಗತಿ. ಅದರ ಮೇಲಿನ ಲೋಡ್, ಅಂದರೆ ಒಟ್ಟು ಬಳಕೆ, ಮಿತಿ ಮೀರದಂತೆ ನೋಡಿಕೊಳ್ಳಲು ಸಂಘದ ಕಾರ್ಯದರ್ಶಿಯಾಗಿ ಮೂರು ಮಳೆಗಾಲಗಳಲ್ಲಿ ಮೂರು ದಾರಿಗಳನ್ನು ಹಿಡಿದು ನೋಡಿದ್ದೇನೆ.

ಮೊದಲ ವರ್ಷ ಬರೀ ಫಲಕ: ‘ಜನರೇಟರ್ ಓಡುವಾಗ ಗೀಸರ್ ಹಾಕಬಾರದು.’ ಖರ್ಚಿಲ್ಲ, ವಿರೋಧವೂ ಇಲ್ಲ. ಆದರೆ ಬೆಳಗಿನ ಜಾವ ನಿದ್ದೆಗಣ್ಣಿನಲ್ಲಿ ಸ್ವಿಚ್ ಒತ್ತುವವರಿಗೆ ಕರೆಂಟ್ ಹೋಗಿದ್ದೇ ಗೊತ್ತಿರುವುದಿಲ್ಲ. ಗೀಸರ್ ಒಂದಕ್ಕೆ 2 ಕಿಲೋವ್ಯಾಟ್. ಎಂಟು ಮನೆಯವರು ಮರೆತರೆ 16 ಆಯಿತು. ಅಂಥ ಒಂದು ಬೆಳಿಗ್ಗೆ ಪಂಪೂ ಶುರುವಾಗಿ ಜನರೇಟರಿನ ಬ್ರೇಕರ್ ಟ್ರಿಪ್ ಆಗಿ ಇಡೀ ಕಟ್ಟಡದ ಕರೆಂಟ್ ಹೋಯಿತು. ದೇವಸ್ಥಾನಕ್ಕೆ ಹೊರಟಿದ್ದ ಅಜ್ಜಿಯೊಬ್ಬರು ಲಿಫ್ಟಿನ ಕತ್ತಲಲ್ಲಿ ಹದಿನೈದು ನಿಮಿಷ ಸಿಕ್ಕಿಕೊಂಡರು. ಬಾಗಿಲು ತೆಗೆದಾಗ ಅವರ ಕೈಯಲ್ಲಿದ್ದ ಹೂವಿನ ಬುಟ್ಟಿ ನಡುಗುತ್ತಿತ್ತು. ಗೀಸರ್ ಹಾಕಿದವರು ಯಾರೋ, ಕತ್ತಲಲ್ಲಿ ನಿಂತವರು ಇವರು. ಫಲಕವನ್ನು ಅಂದೇ ಕಿತ್ತೆ.

ಎರಡನೆಯದು ಜನರೇಟರ್ ಲೈನಿಗೆ ಮನೆಗೊಂದು 2 ಆ್ಯಂಪ್ ಎಂಸಿಬಿ, ಅಂದರೆ ಮಿತಿ ಮೀರಿದರೆ ತಾನೇ ಕರೆಂಟ್ ಕಡಿಯುವ ಪುಟ್ಟ ಸ್ವಿಚ್. ಅಗ್ಗ, ಗೀಸರ್ ಹಾಕಿದರೆ ಆ ಮನೆಯದಷ್ಟೇ ಟ್ರಿಪ್ ಆಗುತ್ತದೆ. ಆದರೆ ಅದನ್ನು ಮತ್ತೆ ಮೇಲೆತ್ತಲು ನೆಲಮಾಳಿಗೆಯ ಮೀಟರ್ ಕೋಣೆಗೇ ಇಳಿಯಬೇಕು; ವಯಸ್ಸಾದವರಿಗೆ ಅದು ಶಿಕ್ಷೆ. ಇನ್ನೊಂದು ಕೊರತೆ, 2 ಆ್ಯಂಪಿನ ಎಂಸಿಬಿ ಎರಡೂವರೆ ಆ್ಯಂಪನ್ನು ಬಹಳ ಹೊತ್ತು ತಡೆದುಕೊಳ್ಳುತ್ತದೆ. ಅದನ್ನು ಮಾಡಿರುವುದು ತಂತಿ ಕಾಯಲು, ಲೋಡ್ ಹಂಚಲು ಅಲ್ಲ.

ಈಗಿರುವುದು ಎಸಿಸಿಎಲ್, ಅಂದರೆ ಲೈನಿನಿಂದ ಜನರೇಟರಿಗೆ ತಾನೇ ಬದಲಾಗುವ, ಕರೆಂಟ್ ಮಿತಿಯುಳ್ಳ ಚೇಂಜ್‌ಓವರ್. ಲೈನ್ ಕರೆಂಟ್ ಇದ್ದಾಗ ಪೂರ್ಣ ಲೋಡ್, ಜನರೇಟರ್ ಓಡುವಾಗ ಗೊತ್ತು ಮಾಡಿದಷ್ಟೇ. ಮಿತಿ ಮೀರಿದರೆ ಆ ಮನೆಯ ಕರೆಂಟ್ ಮಾತ್ರ ಹೋಗುತ್ತದೆ, ಕೆಲವು ಸೆಕೆಂಡಿನಲ್ಲಿ ತಾನೇ ಮರಳುತ್ತದೆ. ಗೀಸರ್ ಆರಿಸದಿದ್ದರೆ ಮತ್ತೆ ಹೋಗುತ್ತದೆ. ಎರಡನೇ ಸಲಕ್ಕೆ ಎಲ್ಲರಿಗೂ ಅರ್ಥವಾಗುತ್ತದೆ. ಮೂರರಲ್ಲಿ ದುಬಾರಿ ಇದೇ, ಆದರೂ ನನ್ನ ಮತ ಇದಕ್ಕೇ.

ಒಂದೊಂದು ಮನೆಯ ಮಿತಿಯನ್ನು ಮೊದಲು 500 ವ್ಯಾಟ್ ಇಟ್ಟಿದ್ದೆವು. ಚಟ್ನಿ ರುಬ್ಬಲು ಮಿಕ್ಸಿ ಹಾಕಿದರೆ ಮನೆಯೇ ಕತ್ತಲು. ದೂರು ನ್ಯಾಯವಾಗಿತ್ತು, 750ಕ್ಕೆ ಏರಿಸಿದೆವು. ಎಲ್ಲರೂ ಒಟ್ಟಿಗೆ ಬಳಸಿದರೂ 12 ಕಿಲೋವ್ಯಾಟ್, ಮೇಲೆ ಲಿಫ್ಟಿಗೆ ನಾಲ್ಕು. ಉಳಿದದ್ದು 5 ಎಚ್‌ಪಿ ಪಂಪ್. ನೇರವಾಗಿ ಶುರು ಮಾಡಿದರೆ ಅದು ಕ್ಷಣಕಾಲ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಹೀಗಾಗಿ ಟೈಮರ್ ಕೂರಿಸಿ ಅದನ್ನು ಬೆಳಗಿನಿಂದ ತಪ್ಪಿಸಿದೆವು.

ಪಂಪಿಗೆ ಈಗ ರಾತ್ರಿ ಹನ್ನೊಂದರ ಪಾಳಿ. ಆಗ ಫ್ರಿಜ್, ಮೆಟ್ಟಿಲ ದೀಪ ಬಿಟ್ಟರೆ ಲೋಡೇ ಇರುವುದಿಲ್ಲ. ಜನರೇಟರ್ ಶೇ 30ಕ್ಕಿಂತ ಕಡಿಮೆ ಲೋಡಿನಲ್ಲಿ ಬಹಳ ಹೊತ್ತು ಓಡಿದರೆ ಡೀಸೆಲ್ ಪೂರ್ತಿ ಉರಿಯದೆ ಹೊಗೆ ಕೊಳವೆಯಲ್ಲಿ ಜಿಡ್ಡು ಕಟ್ಟುತ್ತದೆ. ಹಿಂದೆ ನಮ್ಮ ಸೈಲೆನ್ಸರ್ ತಣ್ಣಗಾದ ಮೇಲೆ ಮುಟ್ಟಿದರೆ ಬೆರಳಿಗೆ ಕಪ್ಪು ಮಸಿ ಅಂಟುತ್ತಿತ್ತು. ಪಂಪ್ ಸೇರಿದರೆ ಲೋಡ್ ಆ ಮೂವತ್ತರ ಹತ್ತಿರ ಬರುತ್ತದೆ. ಟ್ಯಾಂಕ್ ತುಂಬಿದ ಮೇಲೆ ಬೆಳಗಿನ ಐದರವರೆಗೆ ಜನರೇಟರನ್ನೇ ನಿಲ್ಲಿಸುತ್ತೇವೆ.