6.5 ಕ್ರೀಡ್‌ಮೋರ್ ಜೊತೆ ಐದು ವರ್ಷ: ದೂರದ ಗುರಿಯ ರೈಫಲ್‌ಗೆ ಕಾರ್ಟ್ರಿಜ್ ಆರಿಸಿದ ಅನುಭವ

6.5 ಕ್ರೀಡ್‌ಮೋರ್ ಒಂದು ಕಾರ್ಟ್ರಿಜ್, ಅಂದರೆ ಹಿತ್ತಾಳೆ ಕೇಸ್, ಮದ್ದು, ಗುಂಡು ಸೇರಿದ ತೋಟಾ. ಅದರ ಜೊತೆ ಐದು ವರ್ಷ, ಎರಡು ಬ್ಯಾರೆಲ್, ಸುಮಾರು 3,500 ಗುಂಡು. ಇಷ್ಟಾದ ಮೇಲೆ ಬರೆಯುತ್ತಿದ್ದೇನೆ. ಹೊಸ ರೈಫಲ್ ಕೈಗೆ ಬಂದ ಮೊದಲ ತಿಂಗಳು ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಕಾರ್ಟ್ರಿಜ್‌ನ ನಿಜವಾದ ಗುಣ ಗೊತ್ತಾಗುವುದು ಮೊದಲ ಬ್ಯಾರೆಲ್ ಸವೆದು, ಎರಡನೆಯದಕ್ಕೆ ಅದನ್ನೇ ಮತ್ತೆ ಹಾಕಿಸಬೇಕಾ ಎಂದು ಯೋಚಿಸುವ ದಿನ.

ನನ್ನ ಬಳಕೆ ಹೀಗಿದೆ. ಹದಿನೈದು ದಿನಕ್ಕೊಮ್ಮೆ ಅಭ್ಯಾಸ, ಒಂದು ಸಲಕ್ಕೆ 25ರಿಂದ 30 ಗುಂಡು. ದೂರ 600ರಿಂದ 1,000 ಗಜ. ಮಲಗಿಕೊಂಡು, ರೈಫಲ್ ಅನ್ನು ಬೈಪಾಡ್ (ಎರಡು ಕಾಲಿನ ಆಸರೆ) ಮೇಲೆ ಇಟ್ಟು, ಕಾಗದದ ಗುರಿಗೆ ಹೊಡೆಯುವುದು. ಬೇಟೆಯ ಮಾತೇ ಇಲ್ಲ. ರೈಫಲ್‌ನ ತೂಕ ಸ್ಕೋಪ್ ಸೇರಿ ಏಳು ಕಿಲೋ, ಬ್ಯಾರೆಲ್ 26 ಇಂಚು, ಟ್ವಿಸ್ಟ್ (ಬ್ಯಾರೆಲ್ ಒಳಗಿನ ಸುರುಳಿ ಗೀರು) 8 ಇಂಚಿಗೆ ಒಂದು ಸುತ್ತು.

ಆಯ್ಕೆ ಮಾಡುವಾಗ ನನ್ನ ಮುಂದೆ ಮೊದಲಿಗೆ ಇದ್ದದ್ದು .308 ವಿಂಚೆಸ್ಟರ್. (ಇಂಥ ಹೆಸರಿನ ಅಂಕೆ ಸುಮಾರಾಗಿ ಗುಂಡಿನ ಅಡ್ಡಳತೆ: .308 ಇಂಚಿನಲ್ಲಿ, 6.5 ಮಿ.ಮೀ.ನಲ್ಲಿ.) 1952ರಿಂದ ಇರುವ ಕಾರ್ಟ್ರಿಜ್, ಎಲ್ಲರಿಗೂ ಗೊತ್ತು, ಗುಂಡು ಸುಲಭವಾಗಿ ಸಿಗುತ್ತದೆ, ಬ್ಯಾರೆಲ್ ಬೇಗ ಸಾಯುವುದಿಲ್ಲ. ಸ್ನೇಹಿತರ .308ರಲ್ಲೇ ನಾನು ದೂರದ ಗುರಿ ಕಲಿತದ್ದು. ಆದರೆ 1,000 ಗಜದಲ್ಲಿ ಅದರ ಕಷ್ಟವನ್ನು ಕಣ್ಣಾರೆ ನೋಡಿದ್ದೆ. 175 ಗ್ರೇನ್ (ಸುಮಾರು 11.3 ಗ್ರಾಂ) ತೂಕ‌ನ ಗುಂಡು ಸೆಕೆಂಡಿಗೆ 2,600 ಅಡಿ ವೇಗದಲ್ಲಿ ಹೊರಟರೂ, ಸಮುದ್ರ ಮಟ್ಟದ ದಟ್ಟ ಗಾಳಿಯಲ್ಲಿ 1,000 ಗಜ ಮುಟ್ಟುವ ಹೊತ್ತಿಗೆ ಶಬ್ದದ ವೇಗದ ಹತ್ತಿರಕ್ಕೆ ಇಳಿದಿರುತ್ತದೆ. ಅಲ್ಲಿ ಗುಂಡು ಅಲುಗಾಡಲು ಶುರು ಮಾಡಬಹುದು. ಗಾಳಿಯ ಲೆಕ್ಕ ಇನ್ನೂ ಕಠಿಣ. ಗಂಟೆಗೆ 10 ಮೈಲಿಯ ಅಡ್ಡಗಾಳಿ ಇದ್ದರೆ ಆ ಗುಂಡು ಎರಡೂವರೆ ಮೀಟರ್‌ನಷ್ಟು ಪಕ್ಕಕ್ಕೆ ಸರಿಯುತ್ತದೆ. ಅದೇ ಗಾಳಿಯಲ್ಲಿ 6.5 ಕ್ರೀಡ್‌ಮೋರ್‌ನ 140 ಗ್ರೇನ್ ಮ್ಯಾಚ್ ಗುಂಡು (ಪಂದ್ಯಕ್ಕೆಂದೇ ಮಾಡಿದ್ದು) ಎರಡು ಮೀಟರ್‌ಗೂ ಕಡಿಮೆ ಸರಿಯುತ್ತದೆ.

ಆ ಅರ್ಧ ಮೀಟರ್ ಚಿಕ್ಕದಾಗಿ ಕಾಣಬಹುದು. ಆದರೆ 1,000 ಗಜದಲ್ಲಿ ಒಂದು ಮಿನಿಟ್ ಕೋನ (ಡಿಗ್ರಿಯ ಅರವತ್ತನೇ ಒಂದು ಭಾಗ) ಅಂದರೆ ಸುಮಾರು 26.6 ಸೆಂ.ಮೀ., ಹಾಗಾಗಿ ಅರ್ಧ ಮೀಟರ್ ಅಂದರೆ ಹೆಚ್ಚುಕಡಿಮೆ ಎರಡು ಮಿನಿಟ್. ಗುಂಡು ಬೀಳುವ ಎತ್ತರವನ್ನು ಯಂತ್ರ ಲೆಕ್ಕ ಹಾಕಿ ಕೊಡುತ್ತದೆ, ಸ್ಕೋಪ್‌ನಲ್ಲಿ ತಿರುಗಿಸಿದರೆ ಮುಗಿಯಿತು. ಗಾಳಿಯನ್ನು ನಾವೇ ಓದಬೇಕು. ಹುಲ್ಲು, ಬಾವುಟ, ಬಿಸಿಲ ಝಳ ನೋಡಿ ಊಹಿಸಬೇಕು. ಆ ಊಹೆಯಲ್ಲಿ ತಪ್ಪು ಆಗಿಯೇ ಆಗುತ್ತದೆ. ಒಳ್ಳೆಯ ಕಾರ್ಟ್ರಿಜ್ ಆ ತಪ್ಪಿನ ಗಾತ್ರವನ್ನು ಸಣ್ಣದು ಮಾಡುತ್ತದೆ. ನಾನು 6.5 ಆರಿಸಿದ್ದು ಮುಖ್ಯವಾಗಿ ಇದಕ್ಕೇ.

ಕ್ರೀಡ್‌ಮೋರ್ ಅನ್ನೋ ಹೆಸರು ನ್ಯೂಯಾರ್ಕ್‌ನ ಲಾಂಗ್ ಐಲೆಂಡ್‌ನಲ್ಲಿದ್ದ ಹಳೆಯ ರೈಫಲ್ ಮೈದಾನದ್ದು. 1874ರಲ್ಲಿ ಐರಿಷ್ ಮತ್ತು ಅಮೆರಿಕನ್ ತಂಡಗಳ ನಡುವೆ ದೂರದ ಗುರಿಯ ಪಂದ್ಯ ನಡೆದದ್ದು ಅಲ್ಲಿ. ಹಾರ್ನಡಿ ಕಂಪನಿ ಈ ಕಾರ್ಟ್ರಿಜ್ ತಂದದ್ದು 2007ರಲ್ಲಿ, ಮೊದಲಿನಿಂದಲೂ ಗುರಿ ಪಂದ್ಯಕ್ಕೆಂದೇ. ಅದು ಅದರ ಆಕಾರದಲ್ಲೇ ಕಾಣುತ್ತದೆ. .308ರ ಹಿತ್ತಾಳೆ ಕೇಸ್ ಸುಮಾರು 51 ಮಿ.ಮೀ. ಉದ್ದ, ಇದರದ್ದು 48.8. ಕೇಸ್ ಗಿಡ್ಡ ಆದ್ದರಿಂದ ಉದ್ದ ಮೂತಿಯ ತೆಳ್ಳನೆ ಗುಂಡಿಗೆ ಮ್ಯಾಗಜೀನ್‌ನಲ್ಲಿ ಜಾಗ ಉಳಿಯುತ್ತದೆ. 1997ರ .260 ರೆಮಿಂಗ್ಟನ್ ಕೂಡ ಇದೇ ಗುಂಡನ್ನು ಹೆಚ್ಚುಕಡಿಮೆ ಇದೇ ವೇಗದಲ್ಲಿ ಹೊಡೆಯುತ್ತದೆ. ಆದರೆ ಅದರ ಕೇಸ್ ಉದ್ದ. ಮ್ಯಾಗಜೀನ್‌ಗೆ ಹಿಡಿಯಬೇಕೆಂದರೆ ಉದ್ದನೆಯ ಗುಂಡನ್ನು ಕೇಸ್ ಒಳಗೆ ಜಾಸ್ತಿ ಇಳಿಸಬೇಕು, ಆಗ ಅದು ಮದ್ದಿನ ಜಾಗ ತಿನ್ನುತ್ತದೆ. .260 ಕೆಟ್ಟದ್ದು ಅಂತ ಅಲ್ಲ. ಒಂದೊಂದೇ ಗುಂಡು ಹಾಕಿ ಹೊಡೆಯುವವರಿಗೆ ಇದು ತೊಂದರೆಯೇ ಅಲ್ಲ.

ಮೊದಲ ವರ್ಷ ನಾನು ಫ್ಯಾಕ್ಟರಿ ಮ್ಯಾಚ್ ಗುಂಡನ್ನೇ ಬಳಸಿದೆ. 100 ಗಜದಲ್ಲಿ ಐದು ಗುಂಡಿನ ಗುಂಪು ಅರ್ಧದಿಂದ ಮುಕ್ಕಾಲು ಮಿನಿಟ್ ಒಳಗೆ ಬರುತ್ತಿತ್ತು. ಒದೆತ .308ಕ್ಕಿಂತ ಸ್ಪಷ್ಟವಾಗಿ ಕಡಿಮೆ. ಇದರ ಲಾಭ ಭುಜಕ್ಕಷ್ಟೇ ಅಲ್ಲ. ಹೊಡೆದ ಮೇಲೂ ಸ್ಕೋಪ್ ಗುರಿಯ ಮೇಲೇ ಇರುತ್ತದೆ, ಗುಂಡು ಎಲ್ಲಿ ಬಿತ್ತು ಎಂದು ನಾನೇ ನೋಡಬಹುದು. ಒಬ್ಬನೇ ಅಭ್ಯಾಸ ಮಾಡುವವನಿಗೆ ಇದಕ್ಕಿಂತ ದೊಡ್ಡ ಪಾಠವಿಲ್ಲ. ಇದೇ ಕಾರಣಕ್ಕೆ .300 ವಿಂಚೆಸ್ಟರ್ ಮ್ಯಾಗ್ನಂ ಬೇಡ ಎಂದು ಬಿಟ್ಟೆ. 1,000 ಗಜದ ಆಚೆಗೆ ಅದು ಇನ್ನೂ ಗಟ್ಟಿ, ನಿಜ. ಆದರೆ ದಿನಕ್ಕೆ ಮೂವತ್ತು ಗುಂಡು ಹೊಡೆದ ಮೇಲೆ ನಾನು ಕಣ್ಣು ಮುಚ್ಚಿ ಟ್ರಿಗರ್ ಎಳೆಯಲು ಶುರು ಮಾಡುತ್ತೇನೆ. ಕಾಗದದ ಗುರಿಗೆ ಅಷ್ಟು ಬಲ ಬೇಕಿಲ್ಲ.

ಈಗ ಬ್ಯಾರೆಲ್ ವಿಷಯ. ಇದನ್ನು ಯಾರೂ ಮೊದಲೇ ಬಿಡಿಸಿ ಹೇಳುವುದಿಲ್ಲ. .308 ಮತ್ತು 6.5 ಕ್ರೀಡ್‌ಮೋರ್ ಎರಡೂ ಸುಡುವ ಮದ್ದಿನ ಪ್ರಮಾಣ ಹೆಚ್ಚುಕಡಿಮೆ ಒಂದೇ. ಆದರೆ 6.5ರ ತೂತು ಚಿಕ್ಕದು, ವಿಸ್ತೀರ್ಣದಲ್ಲಿ ಸುಮಾರು ಕಾಲು ಭಾಗ ಕಡಿಮೆ. ಅಷ್ಟೇ ಬೆಂಕಿ, ಇಕ್ಕಟ್ಟಾದ ದಾರಿ. ಅದು ಚೇಂಬರ್ (ಬ್ಯಾರೆಲ್‌ನಲ್ಲಿ ಕಾರ್ಟ್ರಿಜ್ ಕೂರುವ ಜಾಗ) ಮುಂದಿನ ಗಂಟಲನ್ನು, ಅಂದರೆ ಥ್ರೋಟ್ ಭಾಗವನ್ನು, ಬೇಗ ತಿನ್ನುತ್ತದೆ. ನನ್ನ ಮೊದಲ ಬ್ಯಾರೆಲ್ 2,200 ಗುಂಡಿನವರೆಗೆ ಚೆನ್ನಾಗಿತ್ತು. ಆಮೇಲೆ ಗುಂಡಿನ ವೇಗ ಇಳಿಯಿತು, 1,000 ಗಜದಲ್ಲಿ ಗುಂಪು ಮೇಲೆ ಕೆಳಗೆ ಉದ್ದವಾಗತೊಡಗಿತು. 2,400ಕ್ಕೆ ಬಿಚ್ಚಿಸಿದೆ. .308 ಆಗಿದ್ದರೆ ಇದರ ದುಪ್ಪಟ್ಟು ಬಾಳುತ್ತಿತ್ತು. 6 ಎಂ.ಎಂ. ಕ್ರೀಡ್‌ಮೋರ್ ಆಗಿದ್ದರೆ ಇಷ್ಟೂ ಬರುತ್ತಿರಲಿಲ್ಲ. ಅದು ಇದೇ ಕೇಸ್‌ನ ಕತ್ತು ಕಿರಿದು ಮಾಡಿದ್ದು, ಗುಂಡು ಇನ್ನೂ ವೇಗ, ಒದೆತ ಇನ್ನೂ ಕಡಿಮೆ. ಪಂದ್ಯಕ್ಕೆ ಹೋಗುವವರಿಗೆ ಇಷ್ಟವಾಗುತ್ತದೆ. ವರ್ಷಕ್ಕೊಂದು ಬ್ಯಾರೆಲ್ ಹಾಕಿಸಲು ತಯಾರಿದ್ದರೆ ಸರಿ.

ಆದ್ದರಿಂದ ವರ್ಷಕ್ಕೆ ಎಷ್ಟು ಗುಂಡು ಹೊಡೆಯುತ್ತೀರಿ ಎಂದು ಮೊದಲು ಬರೆದುಕೊಳ್ಳಿ. ವರ್ಷಕ್ಕೆ 700 ಗುಂಡಿನ ನನಗೆ ಒಂದು ಬ್ಯಾರೆಲ್ ಮೂರು ವರ್ಷಕ್ಕಿಂತ ಸ್ವಲ್ಪ ಜಾಸ್ತಿ ಬಂತು. ಬ್ಯಾರೆಲ್ ಅನ್ನೋದು ಗಾಡಿಯ ಟೈರ್ ಇದ್ದ ಹಾಗೆ, ಸವೆಯಲೆಂದೇ ಇರುವುದು. ಹೆಚ್ಚು ದುಡ್ಡು ಆಕ್ಷನ್ ಮೇಲೆ, ಅಂದರೆ ಬೋಲ್ಟ್ ಓಡಾಡುವ ಮುಖ್ಯ ಭಾಗದ ಮೇಲೆ ಹಾಕಿ. .308ರ ಬೋಲ್ಟ್ ಫೇಸ್ (ಕೇಸ್‌ನ ಹಿಂಭಾಗ ಕೂರುವ ಬೋಲ್ಟ್‌ನ ಮುಖ) ಇರುವ ಒಂದು ಒಳ್ಳೆಯ ಶಾರ್ಟ್ ಆಕ್ಷನ್ ತೆಗೆದುಕೊಂಡರೆ .260, 6.5 ಕ್ರೀಡ್‌ಮೋರ್, 6 ಎಂ.ಎಂ. ಕ್ರೀಡ್‌ಮೋರ್, 6.5×47 ಲಪುವಾ ಎಲ್ಲವೂ ಅದಕ್ಕೆ ಕೂರುತ್ತವೆ. ಮುಂದೆ ಮನಸ್ಸು ಬದಲಾದರೆ ಬ್ಯಾರೆಲ್ ಬದಲಿಸಿದರೆ ಸಾಕು.

ನನಗೆ ಆದ ಒಂದು ತೊಂದರೆ ಹೇಳಲೇಬೇಕು. ಮೊದಲ ಬ್ಯಾರೆಲ್‌ನ ಚೇಂಬರ್ ಕೊರೆದವರು ಕತ್ತಿನ ಭಾಗ ತುಂಬ ಬಿಗಿಯಾದ ರೀಮರ್ (ಚೇಂಬರ್ ಕೊರೆಯುವ ಉಪಕರಣ) ಬಳಸಿದ್ದರು. ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಫ್ಯಾಕ್ಟರಿ ಗುಂಡು ಹಾಕಿದರೆ ಬೋಲ್ಟ್ ಮುಚ್ಚುವಾಗ ಬಿಗಿ. ನಾಲ್ಕೇ ಗುಂಡು ಹೊಡೆದೆ. ಬೋಲ್ಟ್ ಎತ್ತಲು ಕಷ್ಟವಾಯಿತು, ಪ್ರೈಮರ್ (ಕೇಸ್‌ನ ಹಿಂದಿರುವ, ಮದ್ದಿಗೆ ಕಿಡಿ ಕೊಡುವ ಭಾಗ) ಚಪ್ಪಟೆಯಾಗಿತ್ತು. ಅಲ್ಲಿಗೇ ನಿಲ್ಲಿಸಿದೆ. ಗುಂಡು ಹೊರಡುವಾಗ ಕೇಸ್‌ನ ಕತ್ತು ಹಿಗ್ಗಿ ಗುಂಡನ್ನು ಬಿಡಬೇಕು. ಹಿಗ್ಗಲು ಜಾಗವಿಲ್ಲದಿದ್ದರೆ ಒಳಗೆ ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ. ಬೇರೆ ಗನ್‌ಸ್ಮಿತ್ ಒಬ್ಬರು ಅಳತೆ ನೋಡಿ ಕತ್ತಿನ ಭಾಗವನ್ನು ಹಿಗ್ಗಿಸಿ ಕೊಟ್ಟರು, ಆಮೇಲೆ ಎಲ್ಲ ಸರಿ ಹೋಯಿತು. ನೀವು ಮಾಡಿಸುವಾಗ ರೀಮರ್‌ನ ನಕ್ಷೆ ಕೇಳಿ ಇಟ್ಟುಕೊಳ್ಳಿ. ಮದ್ದು, ಪ್ರೈಮರ್ ಇಲ್ಲದ ಒಂದು ಡಮ್ಮಿ ಗುಂಡನ್ನು, ನೀವು ಬಳಸುವ ಅದೇ ಉದ್ದಕ್ಕೆ ಮಾಡಿ, ಅವರ ಕೈಗೆ ಕೊಡಿ. ಫ್ಯಾಕ್ಟರಿ ಗುಂಡನ್ನೂ ಹೊಡೆಯುತ್ತೇನೆ ಎಂದು ಬಾಯಿಬಿಟ್ಟು ಹೇಳಿ.

ಎರಡನೇ ವರ್ಷದಿಂದ ಗುಂಡು ನಾನೇ ತುಂಬಿಸಿಕೊಳ್ಳುತ್ತಿದ್ದೇನೆ, ಅಂದರೆ ಖಾಲಿ ಕೇಸ್‌ಗೆ ಪ್ರೈಮರ್, ಮದ್ದು, ಗುಂಡು ನಾನೇ ಹಾಕುತ್ತೇನೆ. ಗುಂಪು ಸ್ವಲ್ಪ ಬಿಗಿಯಾಯಿತು. ಆದರೆ ನಿಜವಾದ ಲಾಭ ಕಂಡದ್ದು ವೇಗ ಒಂದೇ ಸಮ ಬರುವುದರಲ್ಲಿ. 600 ಗಜದಲ್ಲಿ ವ್ಯತ್ಯಾಸ ಗೊತ್ತಾಗಲಿಲ್ಲ, 1,000ದಲ್ಲಿ ಗೊತ್ತಾಯಿತು. ತುಂಬಿಸಲು ಸಮಯವಿಲ್ಲದವರಿಗೆ ಕ್ರೀಡ್‌ಮೋರ್ ಇನ್ನೂ ಒಳ್ಳೆಯದು, ಯಾಕೆಂದರೆ ಅಂಗಡಿಯ ಮ್ಯಾಚ್ ಗುಂಡೇ ಅಷ್ಟು ಚೆನ್ನಾಗಿದೆ. 6.5×47 ಲಪುವಾ ಬಹಳ ಸೊಗಸಾದ ಕಾರ್ಟ್ರಿಜ್, ಆದರೆ ಅದು ಹೆಚ್ಚಾಗಿ ತಾವೇ ತುಂಬಿಸುವವರ ಕಾರ್ಟ್ರಿಜ್.

ಇದು ಯಾರಿಗೆ ಬೇಡ? ಎಫ್-ಕ್ಲಾಸ್ ಅಂದರೆ ಮಲಗಿಕೊಂಡು, ರೈಫಲ್‌ಗೆ ಆಸರೆ ಕೊಟ್ಟು ದೂರದ ಗುರಿಗೆ ಹೊಡೆಯುವ ಪಂದ್ಯ. ಎಫ್-ಕ್ಲಾಸ್‌ನಲ್ಲಿ ಎಫ್‌-ಟಿಆರ್ ವಿಭಾಗಕ್ಕೆ ಹೋಗಬೇಕೆಂದಿರುವವರಿಗೆ. ಅಲ್ಲಿ .308 ಅಥವಾ .223 ಮಾತ್ರ ನಡೆಯುತ್ತದೆ. 6.5 ತಂದರೆ ಎಫ್-ಓಪನ್‌ನಲ್ಲಿ ನಿಲ್ಲಬೇಕು, ಅಲ್ಲಿ ಎದುರಿಗೆ ಇರುವುದು ಇನ್ನೂ ದೊಡ್ಡ ಕಾರ್ಟ್ರಿಜ್‌ಗಳು. ಹಾಗೆಯೇ 300 ಗಜದ ಒಳಗೇ ಅಭ್ಯಾಸ ಮಾಡುವವರಿಗೂ ಇದು ಅಗತ್ಯವಿಲ್ಲ. .223 ಸಾಕು, ಕೈಯೂ ಪಳಗುತ್ತದೆ.

ನನ್ನ ಎರಡನೇ ಬ್ಯಾರೆಲ್ ಕೂಡ 6.5 ಕ್ರೀಡ್‌ಮೋರ್. ಅದರಲ್ಲಿ ಈಗ 1,100 ಗುಂಡು ಆಗಿದೆ, ಗುಂಪು ಮೊದಲಿನ ಹಾಗೇ ಇದೆ. ಪ್ರತಿ 200 ಗುಂಡಿಗೊಮ್ಮೆ ಗಂಟಲಿನ ಉದ್ದ ಅಳೆದು ಪುಸ್ತಕದಲ್ಲಿ ಬರೆಯುತ್ತೇನೆ. ಮೂರನೆಯ ಬ್ಯಾರೆಲ್‌ಗೆ ಡಮ್ಮಿ ಗುಂಡು ಈಗಾಗಲೇ ಮಾಡಿಟ್ಟಿದ್ದೇನೆ, ರೀಮರ್ ನಕ್ಷೆಯೂ ಅದೇ ಡಬ್ಬಿಯಲ್ಲಿದೆ.