ವಿಲ್ಮಿಂಗ್ಟನ್ ಹಡಗಿನ ದೆವ್ವದ ಟೂರ್: ದುಡ್ಡು ಕಟ್ಟೋ ಮುಂಚೆ ಓದಿ

ನಾರ್ತ್ ಕೆರೊಲಿನಾದಲ್ಲಿರುವ ನಮ್ಮ ಕನ್ನಡದವರಿಗೆಲ್ಲ ಹೇಳುತ್ತಿದ್ದೇನೆ. ವಿಲ್ಮಿಂಗ್ಟನ್‌ನ ಯುಎಸ್ಎಸ್ ನಾರ್ತ್ ಕೆರೊಲಿನಾ ಯುದ್ಧನೌಕೆಯಲ್ಲಿ (ಎರಡನೇ ಮಹಾಯುದ್ಧದ ಹಡಗು, ಈಗ ಮ್ಯೂಸಿಯಂ) ರಾತ್ರಿ ಹೊತ್ತು ದೆವ್ವ ಹುಡುಕುವ ಟೂರ್ ಅಂತ ಜಾಹೀರಾತು ಕಂಡರೆ ದಯವಿಟ್ಟು ಕಾರ್ಡ್ ಹೊರಗೆ ತೆಗೆಯಬೇಡಿ. ಹ್ಯಾಲೋವೀನ್ ಹತ್ತಿರ ಬಂದ ಹಾಗೆಲ್ಲ ಇಂಥವು ಜಾಸ್ತಿ ಆಗುತ್ತವೆ. ತಲೆಗೆ 90 ಡಾಲರ್‌ನಂತೆ ನಾಲ್ಕು ಜನಕ್ಕೆ ಕಟ್ಟಿದ್ದೇನೆ. ಹೊಟ್ಟೆ ಉರಿಯುತ್ತಿದೆ.

ಮೊದಲೇ ಹೇಳಿಬಿಡುತ್ತೇನೆ, ಹಡಗಿನ ಮೇಲೂ ಮ್ಯೂಸಿಯಂ ಮೇಲೂ ನನಗೆ ತಕರಾರಿಲ್ಲ. ನನ್ನ ಸಿಟ್ಟು ಆ ಹಡಗನ್ನು ರಾತ್ರಿಗೆ ಬಾಡಿಗೆ ಹಿಡಿದು ಟಿಕೆಟ್ ಮಾರಿದ ಖಾಸಗಿ ತಂಡದ ಮೇಲೆ. ಹೆಸರು ಹಾಕುವುದಿಲ್ಲ. ಹಾಕಿದರೆ ಲಾಯರ್ ನೋಟಿಸ್ ಕಳಿಸುತ್ತೇವೆ ಅಂತ ಆಗಲೇ ಬೆದರಿಸಿದ್ದಾರೆ.

ಭಾಮೈದ ದಾವಣಗೆರೆಯಿಂದ ಬಂದಿದ್ದ. ಅವನಿಗೆ ಈ ದೆವ್ವದ ಹುಚ್ಚು ಚಿಕ್ಕಂದಿನಿಂದಲೂ ಇದೆ. "ಭಾವ, ಇಲ್ಲೇ ಎರಡು ಗಂಟೆ ದಾರಿಯಲ್ಲಿ ನಿಜವಾದ ಯುದ್ಧದ ಹಡಗಿದೆ, ಅದರಲ್ಲಿ ರಾತ್ರಿ ಬಿಡುತ್ತಾರಂತೆ" ಅಂದ. ಬಂದ ನೆಂಟ ಆಸೆಪಟ್ಟು ಕೇಳಿದಾಗ ಇಲ್ಲ ಅನ್ನೋಕಾಗುತ್ತಾ? ಜಾಹೀರಾತಿನಲ್ಲಿ ಸಣ್ಣ ಗುಂಪು ಅಂತ ಇತ್ತು, ಇಡೀ ಹಡಗು ನಿಮ್ಮದು ಅಂತ ಇತ್ತು, ಉಪಕರಣ ನಮ್ಮದೇ ಅಂತಲೂ ಇತ್ತು. ಹೋಗಿ ನೋಡಿದರೆ ನಲವತ್ತು ಜನರ ಮೇಲೆ ನಿಂತಿದ್ದಾರೆ, ಸಂತೆ! ಅರ್ಧಕ್ಕರ್ಧ ಬಾಗಿಲಿಗೆ ಬೀಗ. ಉಪಕರಣ ಅವರದೇ ನಿಜ, ಆದರೆ ಬಾಡಿಗೆ ತಲಾ 25 ಡಾಲರ್ ಬೇರೆ. ಕೇಳಿದರೆ "ಉಪಕರಣ ಲಭ್ಯ ಅಂದಿದ್ದೆವು, ಉಚಿತ ಅಂದಿರಲಿಲ್ಲ" ಅಂತ ನಗುತ್ತಾನೆ ಗೈಡ್. ಆಗಲೇ ವಾಪಸ್ ಬರಬೇಕು ಅನ್ನಿಸಿತ್ತು. ಅಷ್ಟು ದೂರ ಡ್ರೈವ್ ಮಾಡಿ ಬಂದವರು ಹೇಗೆ ತಿರುಗೋದು?

ಇನ್ನು ಕಥೆಗಳು. ಮೂರು ಹಂತದ ಬಂಕ್‌ಗಳಿರುವ ಕೋಣೆಯಲ್ಲಿ ನಮ್ಮನ್ನೆಲ್ಲ ತುರುಕಿ ಲೈಟ್ ಆರಿಸಿದ. ನಡುರಾತ್ರಿ ಟಾರ್ಪಿಡೊ ಬಿತ್ತಂತೆ, ಇದೇ ಹಾಸಿಗೆಗಳಲ್ಲಿ ಮಲಗಿದ್ದ ಐವತ್ತು ಹುಡುಗರು ನಿದ್ದೆಯಲ್ಲೇ ಮುಳುಗಿ ಸತ್ತರಂತೆ. ಸುಳ್ಳು, ಶುದ್ಧ ಸುಳ್ಳು. ಯುಎಸ್ಎಸ್ ನಾರ್ತ್ ಕೆರೊಲಿನಾಗೆ ಟಾರ್ಪಿಡೊ ಬಡಿದದ್ದು 1942ರ ಸೆಪ್ಟೆಂಬರ್ 15ರಂದು, ಹಾಡುಹಗಲು, ಮಧ್ಯಾಹ್ನ. ಜಪಾನಿನ ಐ-19 ಸಬ್‌ಮರೀನ್ ಬಿಟ್ಟದ್ದು. ಅದೇ ಸಲ ಬಿಟ್ಟ ಬೇರೆ ಟಾರ್ಪಿಡೊಗಳು ವಾಸ್ಪ್ ಅನ್ನುವ ವಿಮಾನವಾಹಕ ಹಡಗನ್ನೇ ಮುಳುಗಿಸಿದವು. ನಾರ್ತ್ ಕೆರೊಲಿನಾಗೆ ಎಡಬದಿಯಲ್ಲಿ, ಮುಂಭಾಗದಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ ದೊಡ್ಡ ತೂತು ಬಿತ್ತು. ಐದು ಜನ ಹೋದರು. ಹಾಗಿದ್ದೂ ಹಡಗು ನಿಲ್ಲಲಿಲ್ಲ, ಸ್ಪೀಡಾಗಿಯೇ ಓಡಿತು, ಪರ್ಲ್ ಹಾರ್ಬರ್‌ಗೆ ಹೋಗಿ ರಿಪೇರಿ ಆಯಿತು. 2,300ಕ್ಕೂ ಜಾಸ್ತಿ ಜನ ಇರುತ್ತಿದ್ದ ಹಡಗಿದು, ಇಡೀ ಯುದ್ಧದ ಕಾದಾಟಗಳಲ್ಲಿ ಕಳೆದುಕೊಂಡದ್ದು ಹತ್ತು ಮಂದಿಯನ್ನು. ಅದರಲ್ಲಿ ಮೂವರು 1945ರ ಏಪ್ರಿಲ್‌ನಲ್ಲಿ ಓಕಿನಾವಾ ಹತ್ತಿರ ತಮ್ಮದೇ ಕಡೆಯ ಇನ್ನೊಂದು ಹಡಗಿನ ಗುಂಡು ತಪ್ಪಿ ಬಿದ್ದು ಸತ್ತವರು. ಐವತ್ತು ಎಲ್ಲಿಂದ ಬಂತು?

ಭಾಮೈದ ಇದನ್ನೆಲ್ಲ ಓದಿಕೊಂಡೇ ಬಂದಿದ್ದ. ಕೈ ಎತ್ತಿ ಕೇಳಿದ. ಗೈಡ್ ಅಂದ, "ನೇವಿಯವರ ಲೆಕ್ಕ ಬೇರೆ, ಹಡಗಿನ ಲೆಕ್ಕ ಬೇರೆ." ಸುತ್ತ ಇದ್ದವರು ಹೋ ಅಂದರು. ನಾವು ಸುಮ್ನೆ ನಿಂತೆವು.

ಉಪಕರಣಗಳ ಕಥೆಯೂ ಹೇಳಿಬಿಡುತ್ತೇನೆ. ಐದು ಲೈಟಿನ ಒಂದು ಮೀಟರ್ ಕೊಡುತ್ತಾರೆ, ದೆವ್ವ ಬಂದರೆ ಹಸಿರಿನಿಂದ ಕೆಂಪಿಗೆ ಏರುತ್ತದಂತೆ. ಅದು ಕರೆಂಟ್ ಹರಿಯುವ ಕಡೆಯೆಲ್ಲ ಏರುತ್ತದೆ. ಹಡಗಿನ ಗೋಡೆ ತುಂಬ ವೈರ್! ಗೈಡ್ ಸೊಂಟದ ವಾಕಿಟಾಕಿ ಒತ್ತಿದಾಗಲೆಲ್ಲ ನನ್ನ ಕೈಯಲ್ಲಿದ್ದ ಮೀಟರ್ ಕೆಂಪಾಗುತ್ತಿತ್ತು. ನಾನೇ ನೋಡಿದೆ, ಪ್ರತಿ ಸಲ. ಆಮೇಲೆ ಟಾರ್ಚ್ ಆಟ. ಟಾರ್ಚಿನ ತಲೆಯನ್ನು ತಿರುಗಿಸಿ, ಇನ್ನೇನು ಹತ್ತಬೇಕು ಅನ್ನುವಷ್ಟಕ್ಕೆ ಬಿಟ್ಟು ನೆಲದ ಮೇಲೆ ಇಡುತ್ತಾನೆ. "ಇದ್ದರೆ ಲೈಟ್ ಹಾಕು" ಅಂತ ಕೇಳುತ್ತಾನೆ. ಉರಿದಾಗ ಒಳಗಿನ ಭಾಗ ಬಿಸಿಯಾಗಿ ಹಿಗ್ಗುತ್ತದೆ, ಆರಿದಾಗ ತಣ್ಣಗಾಗಿ ಕುಗ್ಗುತ್ತದೆ, ಕನೆಕ್ಷನ್ ತಾಗುತ್ತದೆ, ಬಿಡುತ್ತದೆ. ಅಷ್ಟೇ ಅದು. ಇನ್ನೊಂದು ಪೆಟ್ಟಿಗೆ ರೇಡಿಯೊ ಸ್ಟೇಷನ್‌ಗಳನ್ನು ಎಲ್ಲೂ ನಿಲ್ಲದೆ ಸರಸರ ದಾಟಿಸುತ್ತಾ ಹೋಗುತ್ತದೆ. ಚೂರುಪಾರು ಮಾತು ಕೇಳುತ್ತದೆ, ನಮಗೆ ಬೇಕಾದ ಹಾಗೆ ನಾವೇ ಜೋಡಿಸಿಕೊಳ್ಳೋದು.

ಇಷ್ಟೇ ಆಗಿದ್ದರೆ ನಕ್ಕು ಬಿಟ್ಟುಬಿಡುತ್ತಿದ್ದೆ. ಸರ್ಕಸ್ ನೋಡಿದೆವು ಅಂದುಕೊಳ್ಳುತ್ತಿದ್ದೆ. ಮುಂದಿನದನ್ನು ಬಿಡೋಕಾಗಲ್ಲ.

ಬಂಕ್ ಕೋಣೆಯಲ್ಲೇ ಅವನು ನಮ್ಮ ಕಡೆ ತಿರುಗಿದ. ಕಣ್ಣು ಮುಚ್ಚಿಕೊಂಡ. "ಈ ಕುಟುಂಬದ ಜೊತೆ ಒಬ್ಬರು ಬಂದಿದ್ದಾರೆ. ತಂದೆ. ಈಚೆಗೆ ಹೋದವರು. ಹೆಸರು... ಸ... ಸವಾ... ಸವಾನಾ." ನನ್ನ ಮಾವ ಹೋದ ವರ್ಷ ತೀರಿಕೊಂಡರು. ಅವರ ಹೆಸರು ಶಿವಣ್ಣ. ಭಾಮೈದ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡ. "ಭಾವ, ಅಪ್ಪಾಜಿ ಹೆಸರೇ ಹೇಳ್ತಿದಾನೆ. ಇವನ ನಾಲಿಗೆಗೆ ಸಿಗ್ತಿಲ್ಲ ಅಷ್ಟೇ." ನನ್ನ ಹೆಂಡತಿ ಅಲ್ಲೇ ಕಬ್ಬಿಣದ ನೆಲದ ಮೇಲೆ ಕೂತುಬಿಟ್ಟಳು. ಅಳು ನಿಲ್ಲಲಿಲ್ಲ. ಗೈಡ್ ಅವಳ ಹೆಗಲ ಮೇಲೆ ಕೈ ಇಟ್ಟು, ಅವರಿಗೆ ನೋವೇನೂ ಇಲ್ಲ, ಇಲ್ಲಿನ ಹುಡುಗರು ಅವರನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ ಅಂದ. ದಾವಣಗೆರೆಯಲ್ಲಿ ಅಂಗಡಿ ಇಟ್ಟುಕೊಂಡಿದ್ದ ನಮ್ಮ ಮಾವನನ್ನು ಅಮೆರಿಕದ ನೇವಿ ಹುಡುಗರು ನೋಡಿಕೊಳ್ಳೋದಂತೆ! ಆದರೆ ಆ ಕತ್ತಲಲ್ಲಿ ನನಗೂ ಮೈ ಜುಮ್ ಅಂದಿತ್ತು, ಯಾಕೆ ಸುಳ್ಳು ಹೇಳಲಿ.

ವಾಪಸ್ ಬರುವಾಗ ಐ-40 ಹೆದ್ದಾರಿಯಲ್ಲಿ ಭಾಮೈದ ಪಕ್ಕದ ಸೀಟಿನಲ್ಲಿ ಫೋನ್ ನೋಡುತ್ತಿದ್ದ. ಇದ್ದಕ್ಕಿದ್ದ ಹಾಗೆ ಸುಮ್ಮನಾದ. ಆಮೇಲೆ ಫೋನನ್ನು ನನ್ನ ಕಡೆ ತಿರುಗಿಸಿದ. ಬುಕಿಂಗ್ ಮಾಡುವಾಗ ತುಂಬಿದ್ದ ಒಪ್ಪಿಗೆ ಫಾರಂ, ಬಿದ್ದರೆ ಎದ್ದರೆ ನಿಮ್ಮದೇ ಜವಾಬ್ದಾರಿ ಅನ್ನುವಂಥದ್ದು. ಅದರ ಕೊನೆಯಲ್ಲಿ ಒಂದು ಕಾಲಂ: ಅಗಲಿದ ಆತ್ಮೀಯರು, ಸಂಬಂಧ, ವರ್ಷ. ಅವನು ಅಪ್ಪನ ಹೆಸರು ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದ. ಫೋನ್ ತಾನಾಗಿಯೇ ಅದನ್ನು ತಿದ್ದಿ ಸವಾನಾ ಮಾಡಿತ್ತು. ಪಕ್ಕದ ಜಾರ್ಜಿಯಾದಲ್ಲಿರುವ ಊರಿನ ಹೆಸರು! ಇವನು ನೋಡದೆ ಕಳಿಸಿದ್ದ.

ಸವಾನಾ ಅನ್ನುವ ಹೆಸರು ಈ ಪ್ರಪಂಚದಲ್ಲಿ ನಮ್ಮ ಮಾವನಿಗೆ ಇದ್ದದ್ದು ಆ ಒಂದು ಫಾರಂನಲ್ಲಿ ಮಾತ್ರ. ಬೇರೆ ಎಲ್ಲೂ ಇಲ್ಲ. ಎಲ್ಲೂ ಇಲ್ಲ. ಹಿಂದಿನ ಸೀಟಿನಲ್ಲಿದ್ದ ನನ್ನ ಹೆಂಡತಿಗೆ ಇದನ್ನು ಹೇಗೆ ಹೇಳೋದು ಅಂತ ಇಬ್ಬರಿಗೂ ಗೊತ್ತಾಗಲಿಲ್ಲ.

ಮಾರನೇ ದಿನ ಇಮೇಲ್ ಹಾಕಿದೆ, ಫಾರಂ ಚಿತ್ರದ ಸಮೇತ. ಮೊದಲ ಉತ್ತರ: "ಪ್ರತಿ ರಾತ್ರಿಯ ಶಕ್ತಿ ಬೇರೆ ಬೇರೆ ಇರುತ್ತದೆ, ನಿಮ್ಮ ಅನುಭವ ಹಂಚಿಕೊಂಡಿದ್ದಕ್ಕೆ ಧನ್ಯವಾದ." ಓದಿಯೇ ಇಲ್ಲ! ಮತ್ತೆ ಬರೆದೆ, ನಮ್ಮ ಫಾರಂ ಓದಿ ಗೈಡ್‌ಗೆ ಕೊಟ್ಟವರು ಯಾರು ಅಂತ. ಉತ್ತರ: ಗೈಡ್‌ಗಳು ಫಾರಂ ನೋಡುವುದಿಲ್ಲ. ಹಾಗಾದರೆ ತಪ್ಪು ಸ್ಪೆಲಿಂಗ್ ಹೇಗೆ ಬಂತು? ಇದಕ್ಕೆ ಬಂದ ಉತ್ತರವನ್ನು ನಾನು ಕನ್ನಡಕ್ಕೆ ಹಾಗೇ ಇಳಿಸುತ್ತೇನೆ: "ಆತ್ಮಗಳು ಎಲೆಕ್ಟ್ರಾನಿಕ್ ವಸ್ತುಗಳ ಮೂಲಕವೇ ಜಾಸ್ತಿ ಮಾತಾಡುತ್ತವೆ. ನಿಮ್ಮ ಫೋನ್ ಹೆಸರು ಬದಲಿಸಿದ್ದೂ ಒಂದು ಸಂದೇಶ ಇರಬಹುದು." ದುಡ್ಡು ವಾಪಸ್ ಕೇಳಿದರೆ, ಇದು ಮನರಂಜನೆಗಾಗಿ ಮಾತ್ರ ಅಂತ ಷರತ್ತಿನಲ್ಲಿದೆ ಅಂದರು. ಸತ್ತ ಅಪ್ಪನ ಹೆಸರು ಮನರಂಜನೆಯಾ? ಅದಕ್ಕೆ ಉತ್ತರ ಇಲ್ಲ. ಆಮೇಲೆ ಬಂದದ್ದು ಲಾಯರ್ ಮಾತು.

ಹಡಗು ನೋಡಬೇಕಾ, ಹಗಲು ಹೋಗಿ. ಒಳಗೆ ಸೆಕೆ, ನೀರಿನ ಬಾಟಲಿ ಇರಲಿ. ಮೆಟ್ಟಿಲು ಏಣಿಯ ಹಾಗೆ ಕಡಿದು, ಮೊಣಕಾಲು ನೋವಿರುವ ಅಪ್ಪ ಅಮ್ಮನನ್ನು ಮೇಲಿನ ಡೆಕ್‌ನಲ್ಲೇ ಕೂರಿಸಿ. 16 ಇಂಚಿನ ಒಂಬತ್ತು ಫಿರಂಗಿ ಅಲ್ಲೇ ಕಾಣುತ್ತವೆ. ಗುಜರಿಗೆ ಹೋಗಬೇಕಿದ್ದ ಹಡಗಿದು, ಈ ರಾಜ್ಯದ ಶಾಲೆ ಮಕ್ಕಳು ಚಿಲ್ಲರೆ ಕೂಡಿಸಿ ಕೊಟ್ಟು ಉಳಿಸಿದ್ದು. 1961ರಲ್ಲಿ ಇಲ್ಲಿಗೆ ಎಳೆದು ತಂದರು. ಯುದ್ಧದಲ್ಲಿ ಸತ್ತ ಈ ರಾಜ್ಯದ ಹತ್ತು ಸಾವಿರಕ್ಕೂ ಹೆಚ್ಚು ಜನರ ಹೆಸರು ಒಳಗೆ ಬರೆದಿದ್ದಾರೆ. ಅದನ್ನು ಓದೋಕೆ ಮೀಟರ್ ಬೇಕಿಲ್ಲ.

ಮತ್ತೆ, ಯಾವ ಟೂರ್ ಆದರೂ ಸರಿ, ತೀರಿಕೊಂಡವರ ಹೆಸರು ಕೇಳುವ ಫಾರಂ ಕಂಡರೆ ಅಲ್ಲಿಗೇ ಮುಚ್ಚಿ.

ಬ್ಯಾಂಕಿಗೆ ದೂರು ಕೊಟ್ಟಿದ್ದೇನೆ, ದುಡ್ಡು ವಾಪಸ್ ಹಾಕಿಸಿ ಅಂತ. ಕಾರಣ ಬರೆಯಿರಿ ಅನ್ನುವ ಜಾಗದಲ್ಲಿ ಎರಡೇ ಆಯ್ಕೆ ಹೊಂದುತ್ತಿದ್ದವು: ಸೇವೆ ಸಿಗಲಿಲ್ಲ, ಅಥವಾ ಸೇವೆ ಹೇಳಿದಂತೆ ಇರಲಿಲ್ಲ. ಎರಡನೆಯದನ್ನು ಒತ್ತಿದೆ. ಫೋನಿನಲ್ಲಿ ಮಾತಾಡಿದ ಹುಡುಗಿ, "ಸರ್, ನಿಮ್ಮ ಪ್ರಕಾರ ದೆವ್ವ ಬರಲಿಲ್ಲವಾ, ಬೇರೆ ದೆವ್ವ ಬಂತಾ?" ಅಂತ ಕೇಳಿದಳು. ತಮಾಷೆಗಲ್ಲ, ಫಾರಂ ತುಂಬೋಕೆ. ಫೈಲ್ ಇನ್ನೂ ಅವರ ಹತ್ತಿರವೇ ಇದೆ.