ನಿಕಲ್ ತೊಳೆದ ನೀರಿಗೆ ಸುಣ್ಣವೋ, ನೊರೆಯೋ, ರೆಸಿನ್ನೋ?

ಕಾರವಾರದ ಕಡೆ ದೋಣಿಯ ಬಿಡಿಭಾಗಗಳಿಗೆ ನಿಕಲ್ ಪ್ಲೇಟಿಂಗ್ ಮಾಡುವ ಚಿಕ್ಕ ಶೆಡ್ ಹಾಕುವವರಿಗೆ ಭಾಗಗಳನ್ನು ತೊಳೆದ, ನಿಕಲ್ ಕರಗಿರುವ ನೀರಿನದೇ ತಲೆನೋವು. ಸುಮ್ನೆ ಚರಂಡಿಗೆ ಬಿಡುವಂತಿಲ್ಲ, ಅಲ್ವಾ?

ಸುಣ್ಣ ಅಗ್ಗ. ಪಿಎಚ್ 10ರ ಆಸುಪಾಸಿಗೆ ಏರಿಸಿದರೆ ನಿಕಲ್ ತಳಕ್ಕೆ ಕೂರುತ್ತದೆ. ಆದರೆ ರಾಡಿ ಜಾಸ್ತಿ. ನಮ್ಮ ಮಳೆಗಾಲದಲ್ಲಿ ಅದನ್ನು ಎಲ್ಲಿ ಒಣಗಿಸುತ್ತೀರಿ?

ನೊರೆಯ ವಿಧಾನವನ್ನು ರಸಾಯನಶಾಸ್ತ್ರಜ್ಞ ಫೆಲಿಕ್ಸ್ ಸೆಬ್ಬಾ 1959ರಲ್ಲಿ ಮುಂದಿಟ್ಟರು. ನಿಕಲ್ ಅಯಾನಿನದು, ಅಂದರೆ ನೀರಲ್ಲಿ ಕರಗಿದ ನಿಕಲ್ ಕಣದ್ದು, ಧನ ವಿದ್ಯುದಂಶ. ಅದಕ್ಕೆ ಋಣ ವಿದ್ಯುದಂಶದ ಮಾರ್ಜಕ ಬೇಕು, ಸೋಡಿಯಂ ಡೋಡೆಸಿಲ್ ಸಲ್ಫೇಟ್‌ನಂಥದ್ದು. ತಳದಿಂದ ಸಣ್ಣ ಸಣ್ಣ ಗುಳ್ಳೆ ಬಿಟ್ಟರೆ ಮಾರ್ಜಕ ಲೋಹವನ್ನು ಹಿಡಿದುಕೊಂಡೇ ಮೇಲೇರುತ್ತದೆ. ನೊರೆ ಕೆರೆದು ತೆಗೆದರಾಯ್ತು. ಲೋಹ ತೀರಾ ಕಡಿಮೆ, ನೀರು ಜಾಸ್ತಿ ಇದ್ದಾಗ ಇದು ಒಳ್ಳೆಯದು. ಆದರೆ ಸ್ವಲ್ಪ ಮಾರ್ಜಕ ನೀರಲ್ಲೇ ಉಳಿಯುತ್ತದೆ. ಉಪ್ಪಿದ್ದರಂತೂ ಸೋಡಿಯಂ, ಕ್ಯಾಲ್ಸಿಯಂ ಅಡ್ಡ ಬಂದು ನಿಕಲ್‌ಗೆ ಜಾಗವೇ ಸಿಗುವುದಿಲ್ಲ. ಕಾಳಿ ಅಳಿವೆಯ ಪಕ್ಕ ಉಪ್ಪುಬಾವಿ ನೀರಲ್ಲಿ ತೊಳೆಯುವವರು ಇದರ ಆಸೆ ಬಿಡಿ. ಶಿರಸಿಯ ಸಿಹಿನೀರಾದರೆ ನೋಡಬಹುದು.

ರೆಸಿನ್ ಅಂದರೆ ನೀರಲ್ಲಿರುವ ಲೋಹದ ಅಯಾನುಗಳನ್ನು ಹಿಡಿದಿಟ್ಟುಕೊಳ್ಳುವ ಸಣ್ಣ ಪ್ಲಾಸ್ಟಿಕ್ ಮಣಿಗಳು. ಇದು ದುಬಾರಿ. ಆದರೆ ಆಮ್ಲದಲ್ಲಿ ತೊಳೆದು ಮತ್ತೆ ಬಳಸಬಹುದು, ನಿಕಲ್ಲೂ ವಾಪಸ್ ಸಿಗುತ್ತದೆ. ನಿಕಲ್‌ನಂಥ ಲೋಹವನ್ನೇ ಆರಿಸಿ ಬಿಗಿಯಾಗಿ ಹಿಡಿಯುವ ಕೀಲೇಟಿಂಗ್ ರೆಸಿನ್ ಉಪ್ಪನ್ನೂ ಸಾಕಷ್ಟು ತಡೆದುಕೊಳ್ಳುತ್ತದೆ. ಕರಾವಳಿಯ ಶೆಡ್ಡಿಗೆ ನನ್ನ ಮತ ಇದಕ್ಕೇ.